ಕೆಂಪು ಜಾಕೆಟ್ಟು ವಾಪಸು ಹೋದ ವರ್ಷ

ಕಳೆದ ವಾರ ನೈರೋಬಿಯ ಗಿಕೊಂಬಾ ಸಂತೆಯಲ್ಲಿ ನನ್ನ ಕಣ್ಣೆದುರೇ ಹಳೆ ಬಟ್ಟೆಯ ಬೇಲೊಂದನ್ನು ಬಿಚ್ಚಿದರು. ಪ್ಲಾಸ್ಟಿಕ್ ಪಟ್ಟಿ ಕತ್ತರಿಸಿದ ಕೂಡಲೇ ತಿಂಗಳುಗಟ್ಟಲೆ ಅದುಮಿಟ್ಟಿದ್ದ ಬಟ್ಟೆಯೆಲ್ಲ ಉಬ್ಬಿ ಮೇಲೆದ್ದಿತು, ಜೊತೆಗೆ ಆ ವಾಸನೆಯೂ ಎದ್ದಿತು. ನುಸಿಗುಳಿಗೆ, ಹಡಗಿನ ತೇವ, ಯಾರದೋ ಮನೆಯ ಸೋಪಿನಪುಡಿ, ಮೂರೂ ಕಲೆತ ವಾಸನೆ. ಪಕ್ಕದಲ್ಲಿದ್ದ ಹೆಂಗಸರು ಮೂಗು ಮುಚ್ಚಿಕೊಂಡರು. ನಾನು ಇನ್ನೊಮ್ಮೆ ಉಸಿರೆಳೆದುಕೊಂಡೆ. ಮೂರು ವರ್ಷದ ಹಿಂದಿನ ಆ ಜೂನ್ ತಿಂಗಳು ಪೂರ್ತಿಯಾಗಿ ನೆನಪಿಗೆ ಬಂತು.

ನೈರೋಬಿಯಲ್ಲಿ ಚಳಿಗಾಲ ಅಂದರೆ ಜೂನ್, ಜುಲೈ, ಆಗಸ್ಟ್. ಭೂಮಧ್ಯರೇಖೆಯ ಊರು ಅಂತ ತೆಳು ಬಟ್ಟೆ ತುಂಬಿಕೊಂಡು ಬಂದ ಬೆಂಗಳೂರಿನವರು ಮೊದಲ ಜುಲೈನಲ್ಲೇ ಗಿಕೊಂಬಾಕ್ಕೆ ಓಡುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಆಕಾಶ ಬೂದಿ ಬಣ್ಣ. ಬೋಡಾ ಅನ್ನುವ ಬೈಕ್ ಟ್ಯಾಕ್ಸಿಯ ಸವಾರರೆಲ್ಲ ಕತ್ತಿನವರೆಗೆ ದಪ್ಪ ದಪ್ಪ ಜಾಕೆಟ್ ಹಾಕಿಕೊಂಡು, ಕೆಲವರಂತೂ ಗಾಳಿ ನುಗ್ಗದಂತೆ ಹಿಂದುಮುಂದಾಗಿ ತೊಟ್ಟುಕೊಂಡು ಓಡಾಡುತ್ತಾರೆ. ಆ ಜಾಕೆಟ್ಟುಗಳೆಲ್ಲ ಕೆನಡಾದಲ್ಲೋ ಯುರೋಪಿನಲ್ಲೋ ಯಾರೋ ಹಿಮದ ಬೆಟ್ಟದಲ್ಲಿ ಹಾಕಿ, ಬೇಸರವಾಗಿ ಬಿಸಾಕಿದವು ಎಂಬುದು ನನಗೆ ಇಪ್ಪತ್ತಾರು ವರ್ಷ ಇಲ್ಲಿದ್ದೂ ಗೊತ್ತಿರಲಿಲ್ಲ.

ನಾನು ಲಲಿತಾ. ಇಲ್ಲಿನ ಒಂದು ಶಾಲೆಯಲ್ಲಿ ಗಣಿತದ ಟೀಚರು. ಮನೆ ಸೌತ್ ಬಿ ಬಡಾವಣೆಯಲ್ಲಿ. ಎಡಗಾಲು ಎರಡನೇ ವಯಸ್ಸಿನಲ್ಲೇ ಪೋಲಿಯೊಗೆ ಹೋಯಿತು. ಸೊಂಟದವರೆಗೆ ಕಾಲನ್ನು ಹಿಡಿದಿಡುವ ಕ್ಯಾಲಿಪರ್, ಕೈಯಲ್ಲಿ ಊರುಗೋಲು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಯ್ಯೋ ಅನ್ನುವವರು ಇಲ್ಲೇ ಅಂದು ಮುಗಿಸಲಿ, ಮುಂದೆ ಅದಕ್ಕೆ ಜಾಗವಿಲ್ಲ.

ಆ ಜೂನ್‌ನಲ್ಲಿ ಶಾಲೆಗೆ ಹಾಕಿಕೊಳ್ಳಲು ಒಂದು ಕೋಟು ಹುಡುಕಿಕೊಂಡು ಗಿಕೊಂಬಾದಲ್ಲಿ ಮಾಮಾ ಅಚಿಯೆಂಗ್‌ಳ ಅಂಗಡಿಗೆ ಹೋಗಿದ್ದೆ. ಮಾಮಾ ಅಂದರೆ ಇಲ್ಲಿ ಅಮ್ಮ. ಅವಳ ಮಗಳಿಗೆ ನಾನು ಲೆಕ್ಕ ಕಲಿಸಿದ್ದೆ, ಹಾಗಾಗಿ ಅವಳಿಗೆ ನಾನು ಮ್ವಾಲಿಮು, ಅಂದರೆ ಮೇಷ್ಟ್ರು. ರಾಶಿಯ ಕೆಳಗಿನಿಂದ ಒಂದು ಕೆಂಪು ತೋಳು ಹೊರಗೆ ಚಾಚಿಕೊಂಡಿತ್ತು. ಎಳೆದೆ. ಭಾರವಾದ ಕೆಂಪು ಜಾಕೆಟ್ಟು. ಝಿಪ್ಪಿನ ಕೊಂಡಿಗೆ ತಂತಿಯಲ್ಲಿ ಸಿಕ್ಕಿಸಿದ ಒಂದು ಚೀಟಿ. ಬೆಟ್ಟದ ಚಿತ್ರ, ಅದರ ಹೆಸರು, ಕೆನಡಾ ಅನ್ನುವ ಅಕ್ಷರ, ಮಸುಕಾದ ಒಂದು ತಾರೀಖು.

"ಅದು ಬೇಡ ಮ್ವಾಲಿಮು," ಅಚಿಯೆಂಗ್ ಸ್ವಾಹಿಲಿಯಲ್ಲಿ ಹೇಳಿದಳು. "ಅದು ಹಿಮದ ಗುಡ್ಡದಿಂದ ಜಾರ್ತಾರಲ್ಲ, ಅವರದ್ದು. ಬೈಕಿನವರು ತಗೊಂಡು ಹೋಗ್ತಾರೆ. ನಿಮಗಲ್ಲ. ನಿಮಗೆ ಈ ಸ್ವೆಟರ್ ನೋಡಿ, ಎಷ್ಟು ಮೃದು."

ಅವಳದ್ದೇನೂ ತಪ್ಪಿರಲಿಲ್ಲ. ಆದರೆ 'ನಿಮಗಲ್ಲ' ಅನ್ನುವ ಮಾತು ನನಗೆ ಹೊಸದೂ ಅಲ್ಲ. ಸ್ವೆಟರ್ ಅಲ್ಲೇ ಬಿಟ್ಟು ಜಾಕೆಟ್ಟು ತಗೊಂಡು ಬಂದೆ.

ಮನೆಯಲ್ಲಿ ಮಗಳು ಮೇಘನಾ ನನ್ನ ಅವತಾರ ನೋಡಿ ಪುಸ್ತಕ ಮುಚ್ಚಿದಳು. ಆಗ ಅವಳು ಯೂನಿವರ್ಸಿಟಿಯ ಎರಡನೇ ವರ್ಷ. ಹುಟ್ಟಿದ್ದು ಇಲ್ಲೇ, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಅಮ್ಮಾ, ಯು ಲುಕ್ ಲೈಕ್ ಎ ಬೋಡಾ ಗೈ."

"ಬೋಡಾನೋ ಗೀಡಾನೋ, ಈ ಚೀಟಿಯಲ್ಲಿರೋ ಬೆಟ್ಟ ಯಾವುದು ನೋಡು."

ಅವಳು ಫೋನಿನಲ್ಲಿ ಹುಡುಕಿದಳು. ಬೆಟ್ಟ ಸಿಕ್ಕಿತು, ಹಿಮ ಸಿಕ್ಕಿತು, ಬಣ್ಣಬಣ್ಣದ ಜನ ಜಾರುವುದು ಸಿಕ್ಕಿತು. ಸ್ವಲ್ಪ ಹೊತ್ತಿಗೆ ಅವಳ ಬೆರಳು ನಿಂತಿತು. "ಪೀಪಲ್ ಲೈಕ್ ಯು ಡೂ ಇಟ್, ಅಮ್ಮಾ. ಸಿಟಿಂಗ್ ಡೌನ್. ಸೇಮ್ ಮೌಂಟನ್," ಅಂದಳು.

ತೊಟ್ಟಿಯಂಥ ಒಂದು ಪುಟ್ಟ ಕುರ್ಚಿ, ಅದರ ಕೆಳಗೆ ಸ್ಪ್ರಿಂಗು, ಅದರ ಕೆಳಗೆ ಸ್ಕೀ ಹಲಗೆ. ಕುರ್ಚಿಯಲ್ಲಿ ಬೆಲ್ಟು ಬಿಗಿದುಕೊಂಡು ನನ್ನ ವಯಸ್ಸಿನದೇ ಒಬ್ಬ ಹೆಂಗಸು, ಎರಡು ಕೈಯಲ್ಲೂ ತುದಿಗೆ ಚಿಕ್ಕ ಹಲಗೆ ಕಟ್ಟಿದ ಕೋಲು. ಅವಳು ಇಳಿಜಾರಿನಲ್ಲಿ ಬರುತ್ತಾ ಬರುತ್ತಾ ಒಂದು ಕಡೆಗೆ ವಾಲಿ ಧೊಪ್ಪನೆ ಬಿದ್ದಳು. ನನ್ನ ಬಾಯಿಂದಲೇ ಅಯ್ಯೋ ಬಂತು. ವೀಡಿಯೊದಲ್ಲಿ ಮಾತ್ರ ಯಾರಿಗೂ ಏನೂ ಆಗಲಿಲ್ಲ. ಯಾರೂ ಕಿರುಚಲಿಲ್ಲ, ಯಾರೂ ಓಡಿ ಬರಲಿಲ್ಲ. ಅವಳು ಬಾಯಿಗೆ ಹೋದ ಹಿಮ ಉಗುಳಿ, ಕೋಲು ಊರಿ, ತಾನೇ ಎದ್ದು ಮುಂದೆ ಹೋದಳು.

ನಾನು ಮತ್ತೆ ಮತ್ತೆ ನೋಡಿದ್ದು ಅವಳು ಜಾರಿದ್ದನ್ನಲ್ಲ, ಬಿದ್ದದ್ದನ್ನು. ಐವತ್ತನಾಲ್ಕು ವರ್ಷದಲ್ಲಿ ನಾನು ಹಾಗೆ ಬಿದ್ದು ನಾನೇ ಎದ್ದದ್ದೇ ಇರಲಿಲ್ಲ. ನಾನು ಎಡವಿದರೆ ಸಾಕು, ನೆಲ ಮುಟ್ಟುವ ಮೊದಲೇ ನಾಲ್ಕು ಕೈ, ಎಂಟು ಅಯ್ಯಯ್ಯೋ. ಚಿತ್ರದುರ್ಗದಲ್ಲಿ ಶಾಲೆಯವರು ಕೋಟೆ ಹತ್ತಿಸಲು ಕರೆದುಕೊಂಡು ಹೋದಾಗ ಪ್ರತಿ ಸಲವೂ ನನ್ನನ್ನು ಕೆಳಗೆ ಬಾಗಿಲ ಹತ್ತಿರ ಕೂರಿಸಿ, ಉಳಿದವರ ಊಟದ ಡಬ್ಬಿ ಕಾಯಲು ಬಿಟ್ಟು ಹೋಗುತ್ತಿದ್ದರು. "ನೀನು ಕೂತಿರಮ್ಮ." ಇದನ್ನು ಹೇಳಿದವರೆಲ್ಲ ಒಳ್ಳೆಯವರೇ, ಕಷ್ಟ ಇರುವುದೇ ಅಲ್ಲಿ. ಕೆಟ್ಟವರಾಗಿದ್ದರೆ ಜಗಳವಾಡಿ ಕೋಟೆ ಹತ್ತಿಬಿಡುತ್ತಿದ್ದೆ.

ಒಂದು ಸಲವಾದರೂ ನಾನೇ ಬಿದ್ದು ನಾನೇ ಏಳಬೇಕು. ಆ ಜಾಕೆಟ್ಟು ಬಂದ ಬೆಟ್ಟದಲ್ಲೇ. ಅವತ್ತೇ ತೀರ್ಮಾನಿಸಿದೆ.

ನನ್ನ ಗಂಡ ನಾಗರಾಜ್ ಇಂಡಸ್ಟ್ರಿಯಲ್ ಏರಿಯಾದ ಒಂದು ಪೇಂಟ್ ಕಾರ್ಖಾನೆಯಲ್ಲಿ ಎಂಜಿನಿಯರು. ಸಂಜೆ ಟೀ ಕುಡಿಯುವಾಗ ವಿಷಯ ತೆಗೆದೆ.

"ತಲೆ ನೆಟ್ಟಗಿದ್ಯಾ ಲಲಿತಾ?"

"ತಲೆ ನೆಟ್ಟಗಿದೆ ರೀ. ಕಾಲೇ ಸೊಟ್ಟ."

"ತಮಾಷೆ ಸಾಕು. ಬಿದ್ರೆ ಏನ್ ಮಾಡ್ತೀಯಾ?"

"ಬೀಳೋಕೇ ಹೋಗ್ತಿರೋದು."

ಅವರು ಲೋಟ ಅಲ್ಲೇ ಇಟ್ಟು ಎದ್ದು ಹೋದರು. ಅವರ ಭಯ ನನಗೆ ಗೊತ್ತಿಲ್ಲದ್ದಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ಫ್ಲ್ಯಾಟಿನ ಒದ್ದೆ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದೆ. ಅವರು ತರಕಾರಿ ಚೀಲ ಹಿಡಿದುಕೊಂಡು ನನಗಿಂತ ಮುಂದೆ ಹೋಗಿದ್ದರು. ಆಗಲೂ ನಾನು ಎದ್ದದ್ದು ಆಸ್ಪತ್ರೆಯವರ ಕೈಯಲ್ಲಿ, ಮೂರು ತಿಂಗಳಾದ ಮೇಲೆ. ಅಂದಿನಿಂದ ಅವರು ನನ್ನ ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ, ಕೈ ಸ್ವಲ್ಪ ಚಾಚಿಕೊಂಡೇ ನಡೆಯುತ್ತಾರೆ. ಮದುವೆ ಮನೆಯಲ್ಲಿ, ಅಂಗಡಿಯಲ್ಲಿ, ನಮ್ಮದೇ ಹಜಾರದಲ್ಲಿ. ಮುಂದೆ ಹೋದ ತಪ್ಪಿಗೆ ಅವರು ತಮಗೇ ಕೊಟ್ಟುಕೊಂಡ ಶಿಕ್ಷೆ ಅದು. ಅನುಭವಿಸುತ್ತಿದ್ದದ್ದು ಮಾತ್ರ ನಾನು.

ಕೇಳಿದರೆ ಬೇಡವೆನ್ನುತ್ತಾರೆ, ಹಾಗಾಗಿ ಮತ್ತೆ ಕೇಳಲಿಲ್ಲ. ದುಡ್ಡು ನನ್ನ ಸಂಬಳದ ಉಳಿತಾಯ, ರಜೆ ನನ್ನ ಶಾಲೆಯದು. ಬೆಟ್ಟದಲ್ಲಿ ಅಂಥ ಸ್ಕೀ ಕಲಿಸುವ ಶಾಲೆಗೆ ನಾನೇ ಕೂತು ಪತ್ರ ಬರೆದೆ. ನಮ್ಮ ಆಗಸ್ಟ್ ರಜೆಯಲ್ಲಿ ಒಂದು ವಾರ ಬರುತ್ತೇನೆ, ಚಳಿ ಆಗಿನ್ನೂ ಚೆನ್ನಾಗಿರುತ್ತದಲ್ಲ, ಜಾಗ ಹಿಡಿದಿಡಿ, ಅಂತ.

ಈಗ ಓದಿದರೆ ನನಗೇ ನಗು ಬರುತ್ತದೆ. ಆದರೆ ಇಪ್ಪತ್ತಾರು ವರ್ಷ ಆಗಸ್ಟಿನಲ್ಲಿ ಶಾಲು ಹೊದ್ದ ಮೈಗೆ ಬೇರೆ ಲೆಕ್ಕ ಎಲ್ಲಿ ಗೊತ್ತಾಗಬೇಕು. ಗಣಿತದ ಟೀಚರಾದರೇನು, ಚಳಿ ಅಂದರೆ ಆಗಸ್ಟ್ ಅಂತ ಮೈ ಒಪ್ಪಿಕೊಂಡುಬಿಟ್ಟಿತ್ತು. ಅಲ್ಲಿಂದ ಬಹಳ ವಿನಯದ ಉತ್ತರ ಬಂತು. ತಾವು ಬರುವುದು ಸಂತೋಷ, ಆದರೆ ಆಗಸ್ಟಿನಲ್ಲಿ ನಮ್ಮಲ್ಲಿ ಬೇಸಿಗೆ, ಬೇಕಾದರೆ ಕೆರೆಯಲ್ಲಿ ದೋಣಿ ಹುಟ್ಟು ಹಾಕಲು ಕಲಿಸುತ್ತೇವೆ. ಮೇಘನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾಗರಾಜ್ ನಗಲಿಲ್ಲ, ಸಮಯಕ್ಕೆ ಬೇಕಾದೀತೆಂದು ಆ ಕತೆಯನ್ನು ಜೋಪಾನವಾಗಿ ಇಟ್ಟುಕೊಂಡರು.

ಮುಂದಿನ ಭಾನುವಾರ ಪಾರ್ಕ್‌ಲ್ಯಾಂಡ್ಸಿನಲ್ಲಿ ನಮ್ಮ ಕನ್ನಡದವರ ಊಟ. ಎಲ್ಲರೂ ಒಂದೊಂದು ಅಡುಗೆ ಮಾಡಿಕೊಂಡು ತಂದು ಹಂಚಿಕೊಂಡು ತಿನ್ನುವುದು ಪದ್ಧತಿ. ನಾನು ಬಿಸಿಬೇಳೆಬಾತಿನ ಪಾತ್ರೆ ಇಳಿಸುವಷ್ಟರಲ್ಲೇ ಆಗಸ್ಟಿನ ಕತೆ ಅಲ್ಲಿಗೆ ತಲುಪಿತ್ತು.

"ಏನ್ ಮೇಡಂ, ಆಗಸ್ಟಲ್ಲಿ ಸ್ನೋ ಹುಡುಕ್ಕೊಂಡು ಹೊರಟಿದ್ರಂತೆ?" ಸಂಘದ ಕಾರ್ಯದರ್ಶಿ ಸುಮಿತ್ರಾ ಕೇಳಿದರು. ನಾನೂ ಎಲ್ಲರ ಜೊತೆ ನಕ್ಕೆ. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಅವರು ಒಂದು ಕುರ್ಚಿ ಎಳೆದು ನನ್ನ ಹಿಂದೆ ತಂದಿಟ್ಟರು. "ನಿಮಗ್ಯಾಕೆ ಮೇಡಂ ಇವೆಲ್ಲ ಉಸಾಬರಿ? ಆರಾಮಾಗಿ ಕೂತ್ಕೊಳ್ಳಿ. ನವೆಂಬರ್ ಫಂಕ್ಷನ್‌ಗೆ ರಿಜಿಸ್ಟ್ರೇಶನ್ ಟೇಬಲ್ಲು ಎಂದಿನ ಹಾಗೆ ನಿಮ್ಮದೇ."

ಹದಿನೆಂಟು ವರ್ಷದಿಂದ ರಾಜ್ಯೋತ್ಸವದ ದಿನ ಬಾಗಿಲಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುತ್ತಿದ್ದೆ. ಒಳಗೆ ಕುಣಿತ, ನಾಟಕ, ಹಗ್ಗಜಗ್ಗಾಟ ಎಲ್ಲ ಆಗುತ್ತಿತ್ತು. ಇಲ್ಲೂ ನಾನು ಡಬ್ಬಿ ಕಾಯುವವಳೇ ಅಂತ ಆ ಕ್ಷಣದಲ್ಲಿ ಹೊಳೆಯಿತು.

"ಈ ಸಲ ಬೇರೆ ಯಾರನ್ನಾದ್ರೂ ಕೂರಿಸಿ ಸುಮಿತ್ರಾ. ನನಗೆ ಶನಿವಾರ ಭಾನುವಾರ ಪ್ರಾಕ್ಟೀಸ್ ಇದೆ. ಡಿಸೆಂಬರಲ್ಲಿ ಕೆನಡಾಕ್ಕೆ ಹೋಗ್ತಿದ್ದೀನಿ."

ಪ್ರಾಕ್ಟೀಸ್ ಎಂಥದ್ದು, ಎಲ್ಲಿ, ಯಾರ ಹತ್ತಿರ, ಒಂದೂ ನನಗೆ ಗೊತ್ತಿರಲಿಲ್ಲ. ಆದರೆ ಅಷ್ಟು ಜನರೆದುರು ಹೇಳಿಯಾಗಿತ್ತು. ನಾಗರಾಜ್ ತಟ್ಟೆಯಲ್ಲಿದ್ದ ಹಪ್ಪಳವನ್ನು ಪುಡಿಪುಡಿ ಮಾಡುತ್ತಿದ್ದರು.

ಡಿಸೆಂಬರಿಗೆ ಸ್ಕೀ ಶಾಲೆಯವರು ಜಾಗ ಕೊಟ್ಟು ಒಂದು ಅರ್ಜಿ ಕಳಿಸಿದರು. ಅಂಥ ಅರ್ಜಿಯನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಎಲ್ಲ ಅರ್ಜಿಗಳೂ ನನ್ನ ಕೈಲಿ ಏನೇನು ಆಗುವುದಿಲ್ಲ ಅಂತ ಕೇಳುತ್ತವೆ. ಇದು ಏನೇನು ಆಗುತ್ತದೆ ಅಂತ ಕೇಳಿತ್ತು. ಒಂದು ಕೈಯಲ್ಲಿ ಎಷ್ಟು ಭಾರ ಎತ್ತುತ್ತೀರಿ, ಆಸರೆಯಿಲ್ಲದೆ ಎಷ್ಟು ಹೊತ್ತು ಕೂರುತ್ತೀರಿ. ಮೈತೂಕ ಸರಿಯಾಗಿ ಬರೆಯಬೇಕು, ಅದಕ್ಕೆ ತಕ್ಕಂತೆ ಸ್ಪ್ರಿಂಗು ಹೊಂದಿಸುತ್ತಾರಂತೆ. ಪೇಟೆಯ ಫುಟ್‌ಪಾತಿನಲ್ಲಿ ತೂಕದ ಯಂತ್ರ ಇಟ್ಟುಕೊಂಡು ಕೂರುವವನ ಹತ್ತಿರ ಹೋಗಿ, ಕ್ಯಾಲಿಪರ್ ಬಿಚ್ಚಿ, ಅವನ ಹೆಗಲು ಹಿಡಿದು ಒಂಟಿ ಕಾಲಲ್ಲಿ ನಿಂತು ತೂಕ ನೋಡಿಸಿದೆ. ಹೆಗಲು ಹಿಡಿದರೆ ಲೆಕ್ಕ ತಪ್ಪುತ್ತದೆ ಅಂತ ಅವನು ಗದರಿದ. ಅವನ ಮಾತು ಸರಿಯಾಗಿತ್ತು. ಕೈ ಬಿಟ್ಟು ನಿಂತೆ.

ಕೊನೆಯ ಪುಟದಲ್ಲಿ ನನ್ನ ದೇಹ ಬಲ್ಲ ವೈದ್ಯಕೀಯ ವೃತ್ತಿಯವರೊಬ್ಬರ ಸಹಿ ಬೇಕಿತ್ತು. ನಮಗೆ ಪರಿಚಯದ, ನಮ್ಮ ಕಡೆಯವರೇ ಆದ ಹಿರಿಯ ಡಾಕ್ಟರ ಹತ್ತಿರ ಹೋದೆ. ಅವರು ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾಗರಾಜ್ ಏನಂತಾರೆ ಇದಕ್ಕೆ?"

"ಅವರು ಬರ್ತಿಲ್ಲ ಡಾಕ್ಟ್ರೇ, ನಾನು ಹೋಗ್ತಿರೋದು."

"ಅದು ಸರಿ ಅಮ್ಮಾ. ಒಂದ್ಸಲ ಅವರನ್ನ ಕರ್ಕೊಂಡು ಬನ್ನಿ, ಮಾತಾಡೋಣ."

"ಕಾಲು ನನ್ನದು ಡಾಕ್ಟ್ರೇ."

ಅವರು ಮುಗುಳ್ನಕ್ಕು ನರ್ಸಿಗೆ ಕಾಫಿ ತರಲು ಹೇಳಿದರು. ನಾನು ಅರ್ಜಿ ವಾಪಸು ತಗೊಂಡು ಕಾಫಿ ಕುಡಿಯದೆ ಎದ್ದು ಬಂದೆ. ಸಿಟ್ಟು ಇಳಿದಿರಲಿಲ್ಲ. ಬಾಡಿಗೆ ವ್ಯಾನು, ಇಲ್ಲಿನ ಮಟಾಟು, ಹತ್ತುವಾಗ ಕಂಡಕ್ಟರ್ ಕೈ ಕೊಡಲು ಬಂದ, ಅವನನ್ನೂ ಗದರಿಸಿದೆ.

ಆಮೇಲೆ ನೆನಪಾದದ್ದು ಒಟಿಯೆನೊ. ಇಪ್ಪತ್ತು ವರ್ಷದಿಂದ ನನ್ನ ಕ್ಯಾಲಿಪರ್ ಮಾಡಿಕೊಡುವವನು. ಫಿಸಿಯೊಥೆರಪಿಯನ್ನೂ ಓದಿಕೊಂಡವನು. ನನ್ನ ಎಡಗಾಲಿನ ಒಂದೊಂದು ಇಂಚೂ ಅವನಿಗೆ ಗೊತ್ತು. ನಗರದ ಅಂಚಿನಲ್ಲಿ ಅವನದೊಂದು ಕಾರ್ಯಾಗಾರ, ಚರ್ಮ, ಅಂಟು, ಕಬ್ಬಿಣದ ಪುಡಿಯ ವಾಸನೆ. ಅರ್ಜಿ ಓದಿ ಅವನು ಗಂಡ ಏನಂತಾರೆ ಅಂತ ಕೇಳಲಿಲ್ಲ.

"ಬೀಳೋದು ಗೊತ್ತಾ ನಿಮಗೆ?" ಅಂತ ಕೇಳಿದ.

"ಇಲ್ಲ."

"ಹಾಗಾದ್ರೆ ಈಗಲೇ ಸಹಿ ಹಾಕಲ್ಲ. ಬೀಳೋದು ಕಲಿಸಿ ಆಮೇಲೆ ಹಾಕ್ತೀನಿ."

ಒಂದು ಪ್ಲಾಸ್ಟಿಕ್ ಕುರ್ಚಿಯ ಕಾಲು ಕತ್ತರಿಸಿ, ಅದರ ಕೆಳಗೆ ತೊಟ್ಟಿಲಿನ ತಳದಂತೆ ಬಾಗಿದ ಮರದ ಪಟ್ಟಿ ಹೊಡೆದ. ಸುತ್ತ ಹಾಸಿಗೆ ಹಾಸಿದ. ನನ್ನನ್ನು ಅದರಲ್ಲಿ ಬೆಲ್ಟು ಹಾಕಿ ಕೂರಿಸಿ, ಎರಡೂ ಕೈಗೆ ಮೋಟು ಊರುಗೋಲು ಕೊಟ್ಟು, ಯಾವ ಕಡೆಯಿಂದ ಅಂತ ಹೇಳದೆ ತಳ್ಳುವುದು. ಮೊದಲ ದಿನ ತಳ್ಳಿದ ಕಡೆಗೆಲ್ಲ ಬಿದ್ದೆ. ಬಿದ್ದಾಗ ಕೈ ನೆಲಕ್ಕೆ ಕೊಡಬಾರದು, ಗದ್ದ ಎದೆಗೆ ಒತ್ತಬೇಕು, ಭುಜದ ಮೇಲೆ ಉರುಳಬೇಕು. ಆಮೇಲೆ ಮೊಣಕೈ ಊರಿ, ಕೋಲು ಊರಿ, ಮೇಲೆ. ಏಳುವುದು ಆಗುತ್ತಲೇ ಇರಲಿಲ್ಲ. ನಾನು ಅಲ್ಲಿ ಆಮೆಯ ಹಾಗೆ ಬಿದ್ದಿರುತ್ತಿದ್ದೆ. ಒಟಿಯೆನೊ ದೂರದಲ್ಲಿ ಯಾರದೋ ಬೂಟಿಗೆ ಮೊಳೆ ಹೊಡೆಯುತ್ತಾ ಕೂತಿರುತ್ತಿದ್ದ, ತಿರುಗಿ ಕೂಡ ನೋಡುತ್ತಿರಲಿಲ್ಲ. ಅಷ್ಟು ಮರ್ಯಾದೆ ನನಗೆ ಯಾರೂ ಕೊಟ್ಟಿರಲಿಲ್ಲ.

ಆಗಸ್ಟ್ ಹೋಯಿತು, ಸೆಪ್ಟೆಂಬರ್ ಹೋಯಿತು. ಅಕ್ಟೋಬರಿನಲ್ಲಿ ಜಕರಂಡಾ ಹೂ ಉದುರಿ ಫುಟ್‌ಪಾತೆಲ್ಲ ನೇರಳೆಯಾಗಿ ಜಾರುತ್ತಿತ್ತು. ನನ್ನ ಮೈಮೇಲೂ ಅದೇ ಬಣ್ಣದ ಕಲೆಗಳು. ಶನಿವಾರ ನಾಗರಾಜ್ ಕಾರಿನಲ್ಲಿ ಕರೆತಂದು ಬಿಡುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ಕಾರಿನಲ್ಲೇ ರೇಡಿಯೊ ಹಾಕಿಕೊಂಡು ಕೂರುವುದು, ಮುಗಿದ ಮೇಲೆ ನನ್ನ ಎಡಕ್ಕೆ ಬಂದು ನಿಲ್ಲುವುದು. ನಾವಿಬ್ಬರೂ ಹಠದಲ್ಲಿ ಸಮ ಸಮ.

ನವೆಂಬರಿನ ಮೊದಲ ಶನಿವಾರ ಜೋರು ಮಳೆ. ಅವತ್ತು ನಾನು ಕೊಡೆ ಕಾರಿನಲ್ಲೇ ಬಿಟ್ಟು ಬಂದಿದ್ದೆ. ಅದನ್ನು ಕೊಡಲೆಂದು ಅವರು ಒಳಗೆ ಬರುವುದಕ್ಕೂ ಒಟಿಯೆನೊ ನನ್ನನ್ನು ಬಲಗಡೆಯಿಂದ ತಳ್ಳುವುದಕ್ಕೂ ಸರಿಹೋಯಿತು. ನಾನು ಎಡಕ್ಕೆ ಧೊಪ್ಪನೆ ಬಿದ್ದೆ.

"ಲಲಿತಾ," ಅಂತ ಅವರು ನುಗ್ಗಿದರು. ಒಟಿಯೆನೊ ಅಡ್ಡಕ್ಕೆ ಅಂಗೈ ಚಾಚಿದ.

"ಸುಬಿರಿ, ಬ್ವಾನಾ," ಅಂದ. ಸ್ವಲ್ಪ ಕಾಯಿರಿ ಸ್ವಾಮಿ, ಅಂತ.

ನಾಗರಾಜ್ ನಿಂತರು. ಕೊಡೆಯ ನೀರು ಅವರ ಬೂಟಿನ ಮೇಲೆ ಸೋರುತ್ತಿತ್ತು. ನಾನು ಮೊಣಕೈ ಊರಿದೆ, ಜಾರಿತು. ಮತ್ತೆ ಊರಿದೆ, ಅರ್ಧಕ್ಕೆ ಬಂದು ಮತ್ತೆ ಬಿದ್ದೆ. ಅವರ ಮುಖ ನೋಡಬಾರದು ಅಂತ ಗೋಡೆ ನೋಡುತ್ತಿದ್ದೆ. ಮೂರನೇ ಸಲ ಕೋಲು ನೆಲ ಕಚ್ಚಿತು, ಕುರ್ಚಿ ನೆಟ್ಟಗಾಯಿತು. ಒಟಿಯೆನೊ ಕೈ ಒರೆಸಿಕೊಂಡು ಹೋಗಿ ಅರ್ಜಿಗೆ ಸಹಿ ಹಾಕಿದ.

ವಾಪಸು ಬರುವಾಗ ಟ್ರಾಫಿಕ್ಕಿನಲ್ಲಿ ಕಾರು ನಿಂತುಬಿಟ್ಟಿತು. ವೈಪರು ಆಡುತ್ತಿತ್ತು.

"ಇದುವರೆಗೂ ಎಷ್ಟು ಸಲ ಬಿದ್ದಿದ್ದೀಯಾ?"

"ಎಣಿಸಿಲ್ಲ ರೀ."

ಮುಂದಿನ ಕಾರು ಸರಿದಾಗ ಗೇರು ಹಾಕುತ್ತಾ, "ಮೊಣಕೈಗೆ ಒಂದು ಪ್ಯಾಡ್ ಬೇಕು ನಿಂಗೆ," ಅಂದರು. ಅವರು ಒಪ್ಪಿಕೊಂಡದ್ದು ಹೀಗೆ. ಎರಡು ದಿನ ಬಿಟ್ಟು ತಾವೂ ವೀಸಾಕ್ಕೆ ಅರ್ಜಿ ಹಾಕುವುದಾಗಿ ಹೇಳಿದರು. ಪ್ರವಾಸದ ಉದ್ದೇಶ ಅನ್ನುವಲ್ಲಿ ಏನು ಬರೆದಿದ್ದಾರೆ ಅಂತ ಇಣುಕಿದೆ. 'ಹೆಂಡತಿ ಸ್ಕೀ ಮಾಡುವುದನ್ನು ನೋಡಲು' ಎಂದು ಇಂಗ್ಲಿಷಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರು.

ವೆಸ್ಟ್‌ಲ್ಯಾಂಡ್ಸಿನಲ್ಲಿ ಬೆರಳಚ್ಚು ಕೊಡಲು ಹೋದಾಗ ಕೌಂಟರಿನ ಹುಡುಗಿ ನಾಗರಾಜರ ಅರ್ಜಿ ನೋಡಿದಳು, ನನ್ನ ಅರ್ಜಿ ನೋಡಿದಳು, ಬಗ್ಗಿ ನನ್ನ ಕ್ಯಾಲಿಪರ್ ನೋಡಿದಳು.

"ಯು, ಮಾಮಾ?"

"ಹೌದು, ನಾನೇ," ಅಂದೆ ಸ್ವಾಹಿಲಿಯಲ್ಲಿ. ಅವಳು ಎದ್ದು ನಿಂತು ನನ್ನ ಕೈ ಕುಲುಕಿ, ಆಮೇಲೆ ಬೆರಳಚ್ಚು ತೆಗೆದುಕೊಂಡಳು.

ನವೆಂಬರಿನ ರಾಜ್ಯೋತ್ಸವಕ್ಕೆ ನಾನು ಟಿಕೆಟ್ ತಗೊಂಡು, ಬಾಗಿಲಲ್ಲಿ ಸುಮಿತ್ರಾರ ಹತ್ತಿರ ನನ್ನ ಹೆಸರು ಬರೆಸಿ ಒಳಗೆ ಹೋದೆ. ಅವರು ಬರೆದುಕೊಂಡರು, ಮುಖ ಮಾತ್ರ ಗಂಟು. ಕುಣಿತ ಮೊದಲಿನಿಂದ ಕೊನೆಯವರೆಗೆ ನೋಡಿದ್ದು ಅದೇ ಮೊದಲು. ಅಷ್ಟೇನೂ ಚೆನ್ನಾಗಿರಲಿಲ್ಲ.

ಡಿಸೆಂಬರಿನಲ್ಲಿ ಇಬ್ಬರ ವೀಸಾವೂ ಬಂದ ಮೇಲೆ ಕೆಂಪು ಜಾಕೆಟ್ಟು ಹಾಕಿಕೊಂಡೇ ವಿಮಾನ ಹತ್ತಿದೆ. ನೈರೋಬಿಯ ಆ ಸೆಕೆಯಲ್ಲಿ ಏರ್‌ಪೋರ್ಟಿನವರೆಲ್ಲ ತಿರುಗಿ ತಿರುಗಿ ನೋಡಿದರು. ಹೊರಡುವ ಮುಂಚೆ ಅಚಿಯೆಂಗ್‌ಳಿಗೆ ಫೋನು ಮಾಡಿ, ನಿನ್ನ ಜಾಕೆಟ್ಟು ತವರುಮನೆಗೆ ಹೋಗುತ್ತಿದೆ ಅಂತ ಹೇಳಿದ್ದೆ. ಬರುವಾಗ ಅಲ್ಲಿಂದ ಇನ್ನೊಂದು ಬೇಲು ತನ್ನಿ ಅಂದಳು.

ಬೆಟ್ಟದ ಬಗ್ಗೆ ಬಣ್ಣಿಸಿ ಬರೆಯಲಾರೆ. ಬಿಳಿ, ಎತ್ತರ, ಮೂಗಿನೊಳಗಿನ ಕೂದಲೂ ಸೆಟೆದುಕೊಳ್ಳುವ ಚಳಿ. ಬೆಟ್ಟ ಹತ್ತಿಸುವ ಲಿಫ್ಟಿನ ಟಿಕೆಟ್ಟು ಕೊಡುವವಳು ಝಿಪ್ಪಿನಲ್ಲಿದ್ದ ಹಳೆ ಚೀಟಿ ನೋಡಿ ಬೆರಗಾಗಿ, ಅದನ್ನು ಕೀಳದೆ ಅದರ ಪಕ್ಕದಲ್ಲೇ ಹೊಸದನ್ನು ಸಿಕ್ಕಿಸಿದಳು. ಗಡ್ಡ ಬಿಟ್ಟ ಒಬ್ಬ ಶಿಕ್ಷಕ ನನ್ನನ್ನು ಕುರ್ಚಿಗೆ ಬಿಗಿದ. ಮೊದಲ ಎರಡು ದಿನ ಅವನು ಹಿಂದಿನಿಂದ ಹಗ್ಗ ಹಿಡಿದೇ ಇದ್ದ, ಬೀಳಲು ಬಿಡಲಿಲ್ಲ. ಮೂರನೇ ದಿನ ಮಕ್ಕಳು ಕಲಿಯುವ ಸಣ್ಣ ಇಳಿಜಾರಿನಲ್ಲಿ ಹಗ್ಗ ಬಿಡಿಸಿಕೊಂಡೆ. ಕೆಳಗೆ ಬೇಲಿಯಾಚೆ ನಾಗರಾಜ್ ನಿಂತಿದ್ದರು, ಎರಡು ಸ್ವೆಟರು, ಮಂಕಿ ಟೋಪಿ, ಕಂಬಳಿ. ನನ್ನ ಎಡಕ್ಕೆ ಯಾರೂ ಇರಲಿಲ್ಲ.

ಹೊರಟೆ. ಗಾಳಿ ಕಿವಿಯಲ್ಲಿ ಕೂಗಿತು. ನಾನು ಜೀವಮಾನದಲ್ಲಿ ಅಷ್ಟು ಜೋರಾಗಿ ನನ್ನಷ್ಟಕ್ಕೆ ನಾನು ಎಲ್ಲಿಗೂ ಹೋಗಿರಲಿಲ್ಲ. ಬೇಲಿ ಇನ್ನೇನು ಹತ್ತು ಮಾರು ಇದೆ ಅನ್ನುವಾಗ ಎಡಕ್ಕೆ ವಾಲಿ ಬಿದ್ದೆ. ಗದ್ದ ಎದೆಗೆ, ಭುಜ ನೆಲಕ್ಕೆ, ಬಾಯಿ ತುಂಬ ಹಿಮ. ಶಿಕ್ಷಕ ಮೇಲಿನಿಂದ ಸರ್ರನೆ ಬಂದು ನನ್ನತ್ತ ಎರಡೂ ಕೈ ಚಾಚಿದ.

"ಸುಬಿರಿ."

ಬೇಲಿಯ ಕಡೆಯಿಂದ ಬಂದ ಧ್ವನಿ. ಅವಸರದಲ್ಲಿ ಅವರಿಗೆ ಇಂಗ್ಲಿಷೂ ಬಂದಿರಲಿಲ್ಲ, ಕನ್ನಡವೂ ಬಂದಿರಲಿಲ್ಲ. ಶಿಕ್ಷಕನಿಗೆ ಮಾತು ತಿಳಿಯಲಿಲ್ಲ, ಆದರೆ ಮಂಕಿ ಟೋಪಿಯ ಆ ಮನುಷ್ಯ ಅಡ್ಡಕ್ಕೆ ಅಂಗೈ ಚಾಚಿ ನಿಂತಿದ್ದನ್ನು ನೋಡಿ ಕೈ ಹಿಂದೆ ತೆಗೆದುಕೊಂಡ.

ಮೊಣಕೈ ಊರಿದೆ, ಹಿಮದಲ್ಲಿ ಹೂತಿತು. ಮತ್ತೆ ಊರಿದೆ, ಅರ್ಧಕ್ಕೆ ಬಂದು ಮತ್ತೆ ಬಿದ್ದೆ. ಈ ಸಲ ಮುಖ ಆಚೆ ತಿರುಗಿಸಲಿಲ್ಲ. ನಾಗರಾಜರ ಕಣ್ಣಲ್ಲಿ ನೀರಿತ್ತು, ಅಂಗೈ ಹಾಗೇ ಚಾಚಿಕೊಂಡಿತ್ತು, ಬೇಲಿ ದಾಟಲಿಲ್ಲ. ಮೂರನೇ ಸಲಕ್ಕೆ ಎದ್ದೆ.